ನಮ್ಮೂರ ಸೂರ್ಯ ಒಂದು ಗಳಿಗೆ ತಡ

ಏಪ್ರಿಲ್ 26ರ ಸುಮಾರಿಗೆ, ಮೋಡವಿಲ್ಲದ ಒಂದು ದಿನ, ಹಾಗಲವಾಡಿಯ ಯಾವುದಾದರೂ ಅಂಗಳದಲ್ಲಿ ಒನಕೆಯೊಂದನ್ನು ನೆಟ್ಟಗೆ ನಿಲ್ಲಿಸಿ. ಗ್ರಹಣದ ದಿನ ತಟ್ಟೆಯ ನೀರಲ್ಲಿ ಒನಕೆ ನಿಲ್ಲಿಸುವ ಅಜ್ಜಿಯರು ನಮ್ಮ ಕಡೆ ಇನ್ನೂ ಇದ್ದಾರೆ, ಕೈ ನಡುಗಿದರೆ ಅವರನ್ನೇ ಕರೆಯಿರಿ. ಆ ದಿನ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಒನಕೆಯ ನೆರಳು ಕರಗುತ್ತಾ ಕರಗುತ್ತಾ ಅದರ ಬುಡದೊಳಗೇ ಸೇರಿ ಇಲ್ಲವಾಗುತ್ತದೆ. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಹೀಗಾಗುತ್ತದೆ.

ನೆರಳು ಮಾಯವಾದ ಆ ಕ್ಷಣಕ್ಕೆ ಫೋನ್ ತೆಗೆದು ಟೈಮು ನೋಡಿ. 12 ಗಂಟೆ ಇರುವುದಿಲ್ಲ. 12.21ರ ಆಸುಪಾಸು ಇರುತ್ತದೆ.

ಫೋನ್ ತಪ್ಪಿಲ್ಲ, ಸೂರ್ಯನೂ ತಪ್ಪಿಲ್ಲ. ಫೋನ್ ತೋರಿಸುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು. ಅದನ್ನೇ ನಾವು ಭಾರತದ ಸಮಯ ಎನ್ನುತ್ತೇವೆ. ಹಾಗಲವಾಡಿ ಇರುವುದು ಹೆಚ್ಚುಕಮ್ಮಿ 76.75 ಡಿಗ್ರಿಯಲ್ಲಿ. ಭೂಮಿ 360 ಡಿಗ್ರಿ ತಿರುಗಲು 24 ಗಂಟೆ ಬೇಕು, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಐದೂಮುಕ್ಕಾಲು ಡಿಗ್ರಿಗೆ 23 ನಿಮಿಷ. ಮಿರ್ಜಾಪುರದಲ್ಲಿ ನೆತ್ತಿಗೇರಿದ ಸೂರ್ಯ ನಮ್ಮೂರಿಗೆ ಬರಲು ಇಷ್ಟು ಹೊತ್ತು ಹಿಡಿಯುತ್ತದೆ.

ಈ 23 ನಿಮಿಷವೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡುವುದಿಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ನವೆಂಬರ್ ಮೊದಲ ವಾರ ನಮ್ಮ ನಡುಮಧ್ಯಾಹ್ನ 12.07ಕ್ಕೇ ಬಂದುಬಿಡುತ್ತದೆ, ಫೆಬ್ರವರಿ ಎರಡನೇ ವಾರ 12.37ರ ತನಕ ಕಾಯಿಸುತ್ತದೆ. ಎರಡನ್ನೂ ನೋಡಿದರೆ ಒಂದು ಮಾತು ಸ್ಪಷ್ಟ. ವರ್ಷದ ಒಂದೇ ಒಂದು ದಿನವೂ ಹಾಗಲವಾಡಿಯಲ್ಲಿ ಗಡಿಯಾರದ 12 ಗಂಟೆಗೆ ಮಧ್ಯಾಹ್ನ ಆಗುವುದಿಲ್ಲ.

ಮೊದಲು ಆಗುತ್ತಿತ್ತು. ಅಂದರೆ, ಗಡಿಯಾರವೇ ಇಲ್ಲದ ಕಾಲದಲ್ಲಿ.

ಹಾಗಲವಾಡಿ ಪಾಳೆಯಗಾರರ ಕಾಲದಲ್ಲಿ ಇಲ್ಲಿ ಹೊತ್ತು ಅಳೆಯುತ್ತಿದ್ದದ್ದು ಗಳಿಗೆಯಲ್ಲಿ. ಒಂದು ಹಗಲು ಒಂದು ರಾತ್ರಿ ಸೇರಿ 60 ಗಳಿಗೆ. ಏಳೂವರೆ ಗಳಿಗೆಗೆ ಒಂದು ಜಾವ. ಅಳೆಯುವ ಸಾಧನ ಗಳಿಗೆ ಬಟ್ಟಲು: ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ. ಮದುವೆ ಮುಹೂರ್ತಕ್ಕೆ ಪುರೋಹಿತರು ಈ ಬಟ್ಟಲನ್ನು ಬಿಡುತ್ತಿದ್ದರು. ಸೂರ್ಯ ಹುಟ್ಟಿದ ಕ್ಷಣದಿಂದ ಎಣಿಕೆ ಶುರು. ಯಾವ ಊರಿನ ಸೂರ್ಯ? ಆಯಾ ಊರಿನ ಸೂರ್ಯ. ಹಾಗಲವಾಡಿಯ ಗಳಿಗೆ ಹಾಗಲವಾಡಿಯದೇ, ಚಿಕ್ಕನಾಯಕನಹಳ್ಳಿಯ ಗಳಿಗೆ ಚಿಕ್ಕನಾಯಕನಹಳ್ಳಿಯದೇ. ಪಕ್ಕದೂರಿನ ಜೊತೆ ಅರ್ಧ ನಿಮಿಷದ ವ್ಯತ್ಯಾಸ ಬಂದರೆ ಯಾರಿಗೇನು ನಷ್ಟ? ಎತ್ತಿನ ಗಾಡಿಗೆ ಅರ್ಧ ನಿಮಿಷದ ಹಂಗಿರಲಿಲ್ಲ.

ಒಂದು ಗಳಿಗೆ ಅಂದರೆ ಇವತ್ತಿನ ಲೆಕ್ಕದಲ್ಲಿ 24 ನಿಮಿಷ. ಭಾರತದ ಗಡಿಯಾರಕ್ಕೂ ನಮ್ಮ ಸೂರ್ಯನಿಗೂ ಇರುವ ಅಂತರ 23 ನಿಮಿಷ. ನಾವು ಹೆಚ್ಚುಕಮ್ಮಿ ಒಂದು ಗಳಿಗೆ ಹಿಂದಿದ್ದೇವೆ. ಈ ಒಂದು ಗಳಿಗೆ ಎಲ್ಲಿ ಹೋಯಿತು, ಯಾರು ತೆಗೆದುಕೊಂಡರು ಎಂದು ಹುಡುಕಿಕೊಂಡು ಹೋದಾಗ ಸಿಕ್ಕ ಕಥೆ ಇದು.

ತೆಗೆದುಕೊಂಡದ್ದು ಮೊದಲು ರೈಲು.

1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೆ, ಆಮೇಲೆ ಹರಿಹರದ ಕಡೆಗೆ ಹಳಿ ಬಂತು. (ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ ಅದೇ ದಶಕದಲ್ಲಿ, 1884ರಲ್ಲಿ.) ಎತ್ತಿನ ಗಾಡಿ ಊರೂರಿನ ಹೊತ್ತಿಗೆ ಹೊಂದಿಕೊಳ್ಳುತ್ತದೆ, ರೈಲು ಹೊಂದಿಕೊಳ್ಳುವುದಿಲ್ಲ. ಒಂಟಿ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಬರುವಾಗ ಎರಡೂ ಸ್ಟೇಷನ್ ಮಾಸ್ತರರ ಗಡಿಯಾರ ಒಂದೇ ಹೇಳಬೇಕು, ಇಲ್ಲದಿದ್ದರೆ ಹೆಣ ಬೀಳುತ್ತವೆ. ಆ ಕಾಲದಲ್ಲಿ ಭಾರತದ ರೈಲುಗಳು ಬಹುಮಟ್ಟಿಗೆ ಇಟ್ಟುಕೊಂಡದ್ದು ಮದ್ರಾಸಿನ ಸಮಯ. ಅಲ್ಲಿ 1792ರಲ್ಲಿ ಕಟ್ಟಿದ ಖಗೋಳ ವೀಕ್ಷಣಾಲಯವಿತ್ತು, ನಕ್ಷತ್ರ ನೋಡಿ ನಿಖರವಾಗಿ ಹೊತ್ತು ಹೇಳುವ ಜನರಿದ್ದರು, ಅದನ್ನು ತಂತಿಯಲ್ಲಿ ದೂರದೂರಕ್ಕೆ ಕಳಿಸಬಹುದಿತ್ತು. ಕಲ್ಕತ್ತಾ ಪೂರ್ವಕ್ಕೆ, ಬೊಂಬಾಯಿ ಪಶ್ಚಿಮಕ್ಕೆ, ಮದ್ರಾಸು ಎರಡರ ನಡುವೆ. ಅದೂ ಅನುಕೂಲವೇ ಆಯಿತು.

ಗುಬ್ಬಿ ಮದ್ರಾಸಿಗಿಂತ ಮೂರೂಕಾಲು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಗುಬ್ಬಿ ಸ್ಟೇಷನ್ನಿನ ಗಡಿಯಾರ ಗುಬ್ಬಿಯ ಸೂರ್ಯನಿಗಿಂತ ಸುಮಾರು 13 ನಿಮಿಷ ಮುಂದೆ ಓಡುತ್ತಿತ್ತು. ಹೊತ್ತು ನೋಡಿಕೊಂಡು ನಿಧಾನಕ್ಕೆ ಸ್ಟೇಷನ್ನಿಗೆ ಹೊರಟವನಿಗೆ ರೈಲಿನ ಹೊಗೆ ಮಾತ್ರ ಕಾಣುವಷ್ಟು ಅಂತರ ಅದು.

ಇಂಗ್ಲೆಂಡಿನವರೇ ಈ ಪಾಡನ್ನು ನಮಗಿಂತ ಮೊದಲು ಪಟ್ಟಿದ್ದರು. ಬ್ರಿಸ್ಟಲ್ ಎಂಬ ಊರು ಲಂಡನ್ನಿಗಿಂತ 10 ನಿಮಿಷ ಹಿಂದೆ. ಅಲ್ಲಿಗೆ ಲಂಡನ್ ಸಮಯದ ರೈಲು ಬಂದಾಗ ಊರಿನವರು ತಮ್ಮ ಸೂರ್ಯನನ್ನು ಬಿಡಲೊಲ್ಲದೆ ಪೇಟೆಯ ದೊಡ್ಡ ಗಡಿಯಾರಕ್ಕೆ ಎರಡು ನಿಮಿಷದ ಮುಳ್ಳು ಹಾಕಿಕೊಂಡರು. ಒಂದು ರೈಲಿಗೆ, ಒಂದು ಊರಿಗೆ. ಆ ಗಡಿಯಾರ ಇವತ್ತಿಗೂ ಅಲ್ಲಿದೆ. ನಮ್ಮಲ್ಲೂ ಒಂದು ಹಾಗೆ ಇರಬೇಕಿತ್ತು ಅನ್ನಿಸುತ್ತದೆ.

1906ರ ಜನವರಿ 1ರಂದು ಬ್ರಿಟಿಷ್ ಸರ್ಕಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಸಮಯವನ್ನು ಇಡೀ ಭಾರತಕ್ಕೆ ಗೊತ್ತು ಮಾಡಿತು. ಮದ್ರಾಸ್ ಸಮಯಕ್ಕೂ ಇದಕ್ಕೂ ವ್ಯತ್ಯಾಸ ಬರೀ 9 ನಿಮಿಷ. ನಮ್ಮ ಕಡೆ ಅದು ಅಷ್ಟಾಗಿ ತಟ್ಟಲಿಲ್ಲ. ಬೊಂಬಾಯಿಯಲ್ಲಿ ತಟ್ಟಿತು. ಅಲ್ಲಿನ ಸ್ಥಳೀಯ ಸಮಯಕ್ಕಿಂತ ಹೊಸ ಸಮಯ 39 ನಿಮಿಷ ಮುಂದೆ. ಗಿರಣಿ ಕೆಲಸಗಾರನ ಪಾಲಿಗೆ ಇದರರ್ಥ ಮುಕ್ಕಾಲು ಗಂಟೆಯ ಹತ್ತಿರ ಹತ್ತಿರ ಬೇಗ, ಇನ್ನೂ ಕತ್ತಲಲ್ಲೇ ಎದ್ದು ಗಿರಣಿಗೆ ಹೋಗಬೇಕು ಎಂದು. ಅದೇ ಜನವರಿಯಲ್ಲಿ ಗಿರಣಿ ಕೆಲಸಗಾರರು ಕೆಲಸ ನಿಲ್ಲಿಸಿ ಗಲಾಟೆ ಮಾಡಿದರು. ಊರ ದೊಡ್ಡವರೂ ಒಪ್ಪಲಿಲ್ಲ. ನಗರಸಭೆಯ ಗಡಿಯಾರಗಳು ಬೊಂಬಾಯಿ ಸಮಯವನ್ನೇ ಹಿಡಿದುಕೊಂಡು ಕೂತವು. ಸ್ವಾತಂತ್ರ್ಯ ಬಂದು ಎಂಟು ವರ್ಷವಾದ ಮೇಲೆ, 1955ರಲ್ಲಿ, ಆ ಹಟ ಮುಗಿಯಿತು. ಕಲ್ಕತ್ತಾ 1948ರಲ್ಲಿ ಬಿಟ್ಟುಕೊಟ್ಟಿತ್ತು.

ನಡುವೆ ಎರಡನೇ ಮಹಾಯುದ್ಧ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ತನಕ ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಆ ಮೂರು ವರ್ಷ ಆ ಗಡಿಯಾರದಲ್ಲಿ ಹಾಗಲವಾಡಿಯ ಮಧ್ಯಾಹ್ನ ಒಂದೂಕಾಲು ದಾಟಿ ಆಗುತ್ತಿತ್ತು. ಊರಿನಲ್ಲಿ ಎಷ್ಟು ಜನರ ಮನೆಯಲ್ಲಿ ಗಡಿಯಾರವಿತ್ತು ಎನ್ನುವುದು ಬೇರೆ ಮಾತು. ಯುದ್ಧ ಮುಗಿದ ಮೇಲೆ ನಮ್ಮಲ್ಲಿ ಮುಳ್ಳನ್ನು ಹಿಂದಕ್ಕೆ ತಂದರು.

ಯುರೋಪಿನ ಒಂದು ದೇಶ ತರಲೇ ಇಲ್ಲ. ಅದರ ಕಥೆ ನಮ್ಮ ಕಥೆಯನ್ನು ಅರ್ಥ ಮಾಡಿಕೊಳ್ಳಲು ಬಹಳ ಸಹಾಯ ಮಾಡುವುದರಿಂದ ಸ್ವಲ್ಪ ದೂರ ಹೋಗಿ ಬರೋಣ.

ಭೂಪಟ ಇದ್ದರೆ ತೆರೆದು ನೋಡಿ. ಯುರೋಪಿನ ಪಶ್ಚಿಮದ ಅಂಚಿನಲ್ಲಿ, ಅಟ್ಲಾಂಟಿಕ್ ಸಮುದ್ರದ ದಡದಲ್ಲಿ, ಸ್ಪೇನ್ ದೇಶದ ವೀಗೋ ಎಂಬ ಊರಿದೆ. ಮೀನುಗಾರರ ಬಂದರು. ಪೂರ್ವದಲ್ಲಿ, ಪೋಲೆಂಡ್ ದೇಶದ ಕೊನೆಯಲ್ಲಿ, ಬೆಲಾರೂಸ್ ಗಡಿಗೆ ಹತ್ತಿರ, ಬಿಯಾವಿಸ್ಟೋಕ್ ಎಂಬ ಊರಿದೆ. ಎರಡರ ನಡುವೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಒಂದರಲ್ಲಿ ಕಡಲ ಮಳೆ, ಇನ್ನೊಂದರಲ್ಲಿ ತಿಂಗಳುಗಟ್ಟಲೆ ಹಿಮ. ಆದರೆ ಗಡಿಯಾರ ಮಾತ್ರ ಒಂದೇ. ವೀಗೋದಲ್ಲಿ 8 ಹೊಡೆದರೆ ಬಿಯಾವಿಸ್ಟೋಕಿನಲ್ಲೂ 8.

ಸೂರ್ಯನ ಲೆಕ್ಕದಲ್ಲಿ ಇವೆರಡರ ನಡುವೆ ಸುಮಾರು 32 ಡಿಗ್ರಿ, ಅಂದರೆ 2 ಗಂಟೆ 7 ನಿಮಿಷ. ಜೂನ್ ಕೊನೆಯಲ್ಲಿ ಬಿಯಾವಿಸ್ಟೋಕಿನಲ್ಲಿ ಬೆಳಗಿನ ಜಾವ 4 ಗಂಟೆಗೆಲ್ಲ ಸೂರ್ಯ ಹುಟ್ಟಿರುತ್ತಾನೆ. ಆಗ ವೀಗೋದಲ್ಲಿ ಗಾಢ ಕತ್ತಲು, ಅಲ್ಲಿ ಸೂರ್ಯ ಹುಟ್ಟುವುದು 7ಕ್ಕೆ. ಸಂಜೆ ಬಿಯಾವಿಸ್ಟೋಕಿನಲ್ಲಿ 9ಕ್ಕೆ ಹೊತ್ತು ಮುಳುಗಿದರೆ, ವೀಗೋದಲ್ಲಿ ಮುಳುಗುವುದು ರಾತ್ರಿ ಹತ್ತೂಕಾಲಕ್ಕೆ. ರಾತ್ರಿ ಹತ್ತೂಕಾಲಕ್ಕೆ ಬಿಸಿಲು! ನಮ್ಮ ಕಡೆಯವರಿಗೆ ಇದು ಸುಳ್ಳು ಅನ್ನಿಸಬಹುದು. ಎರಡು ಕಾರಣ ಇಲ್ಲಿ ಸೇರಿಕೊಂಡಿವೆ. ಆ ಊರುಗಳು ಸಮಭಾಜಕದಿಂದ ನಮಗಿಂತ ಬಹಳ ಉತ್ತರಕ್ಕಿವೆ, ಹಾಗಾಗಿ ಬೇಸಿಗೆಯ ಹಗಲು 15ರಿಂದ 17 ಗಂಟೆ ಉದ್ದ. ಅದರ ಮೇಲೆ ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯ ವ್ಯತ್ಯಾಸ ಸುಮಾರು. ಅದಕ್ಕೇ ನಾವು ಗಡಿಯಾರ ತಿರುಗಿಸುವ ಗೋಜಿಗೆ ಹೋಗುವುದಿಲ್ಲ.

ಇಷ್ಟು ದೂರದ ಎರಡು ಊರಿಗೆ ಒಂದೇ ಗಡಿಯಾರ ಬಂದದ್ದು ಹೇಗೆ? ಇಬ್ಬರೂ ಇಟ್ಟುಕೊಂಡಿರುವುದು ಜರ್ಮನಿಯ ಪೂರ್ವದ ಅಂಚಿನ ಗೋರ್ಲಿಟ್ಸ್ ಊರಿನ ಬಳಿ ಹಾಯುವ 15 ಡಿಗ್ರಿ ರೇಖಾಂಶದ ಸಮಯ. ನಮಗೆ ಮಿರ್ಜಾಪುರ ಇದ್ದಂತೆ ಅವರಿಗೆ ಗೋರ್ಲಿಟ್ಸ್. ಜರ್ಮನಿ ಇದನ್ನು 1893ರಲ್ಲಿ ತನ್ನ ಕಾನೂನು ಮಾಡಿಕೊಂಡಿತು. ಅದಕ್ಕಾಗಿ ಸಂಸತ್ತಿನಲ್ಲಿ ಗಟ್ಟಿಯಾಗಿ ಮಾತಾಡಿದವರಲ್ಲಿ ಒಬ್ಬರು ಮುದಿ ಸೇನಾಧಿಪತಿ ಮೋಲ್ಟ್ಕೆ, 1891ರಲ್ಲಿ. ಸೈನ್ಯವನ್ನು ರೈಲಿನಲ್ಲಿ ಬೇಗ ಸಾಗಿಸಲು ದೇಶಕ್ಕೆಲ್ಲ ಒಂದೇ ಸಮಯ ಬೇಕು ಎನ್ನುವುದು ಅವರ ವಾದ. ಪೋಲೆಂಡಿನ ವಾರ್ಸಾ ನಗರಕ್ಕೆ ತನ್ನದೇ ಸಮಯವಿತ್ತು, ಜರ್ಮನ್ ಸಮಯಕ್ಕಿಂತ 24 ನಿಮಿಷ ಮುಂದೆ. ನೋಡಿ, ಅಲ್ಲೂ ಒಂದು ಗಳಿಗೆ! 1915ರಲ್ಲಿ ಜರ್ಮನ್ ಸೈನ್ಯ ವಾರ್ಸಾ ಹಿಡಿದ ಮೇಲೆ ಆ ಗಳಿಗೆಯೂ ಹೋಯಿತು.

ಸ್ಪೇನಿನದು ಇನ್ನೂ ವಿಚಿತ್ರ. ಲಂಡನ್ ಇರುವ ಸಾಲಿನಲ್ಲೇ ಇರುವ ದೇಶ, ಲಂಡನ್ ಸಮಯವನ್ನೇ ಇಟ್ಟುಕೊಂಡಿತ್ತು. 1940ರ ಮಾರ್ಚ್ 16ರ ರಾತ್ರಿ 11 ಗಂಟೆಗೆ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗಡಿಯಾರವನ್ನು 12ಕ್ಕೆ ತಿರುಗಿಸಿತು. ಆಗ ಯುರೋಪಿನಲ್ಲಿ ಯುದ್ಧ, ಹಿಟ್ಲರನ ಜರ್ಮನಿಯ ಕೈ ಮೇಲಿತ್ತು. ಯುದ್ಧ ಮುಗಿಯಿತು, ಹಿಟ್ಲರ್ ಹೋದ, 1975ರಲ್ಲಿ ಫ್ರಾಂಕೋನೂ ಸತ್ತ. ಮುಳ್ಳು ಮಾತ್ರ ಹಿಂದಕ್ಕೆ ಬರಲಿಲ್ಲ. 2013ರಲ್ಲಿ ಸ್ಪೇನಿನ ಸಂಸತ್ತಿನ ಸಮಿತಿಯೊಂದು ಹಳೆಯ ಸಮಯಕ್ಕೆ ಮರಳುವುದು ಒಳ್ಳೆಯದು ಎಂದಿತು. ಆದರೂ ಆಗಿಲ್ಲ. ವೀಗೋದಿಂದ ಸ್ವಲ್ಪ ದೂರ ದಕ್ಷಿಣಕ್ಕೆ ಹೋದರೆ ಮಿನ್ಯೋ ನದಿ. ನದಿಯ ಈಚೆ ಸ್ಪೇನಿನ ತುಯ್, ಸೇತುವೆ ದಾಟಿದರೆ ಪೋರ್ಚುಗಲ್ಲಿನ ವಲೆನ್ಸಾ. ಒಂದೇ ಸೂರ್ಯ, ಒಂದೇ ನದಿ, ಸೇತುವೆಯ ಮೇಲೆ ನಡೆದುಹೋಗುವಷ್ಟರಲ್ಲಿ ಒಂದು ಗಂಟೆ ಹಿಂದೆ.

ಸ್ಪೇನಿನವರು ಮಧ್ಯಾಹ್ನದ ಊಟ 2-3 ಗಂಟೆಗೆ, ರಾತ್ರಿ ಊಟ 9-10ಕ್ಕೆ ಮಾಡುತ್ತಾರೆ ಎಂದು ಬೇರೆ ಯುರೋಪಿನವರು ನಗುತ್ತಾರೆ, ಸೋಮಾರಿಗಳು ಎನ್ನುವವರೂ ಉಂಟು. ಸೂರ್ಯನ ಲೆಕ್ಕ ಹಾಕಿ ನೋಡಿ. ವೀಗೋದಲ್ಲಿ ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವುದೇ ಮಧ್ಯಾಹ್ನ 2.37ಕ್ಕೆ. ಅವರು ನಮ್ಮಂತೆಯೇ ಹೊತ್ತು ನೆತ್ತಿಗೆ ಬಂದಾಗ ಉಣ್ಣುತ್ತಿದ್ದಾರೆ, ಅಷ್ಟೇ. ಸರ್ಕಾರ ಗಡಿಯಾರ ತಿರುಗಿಸಿತು, ಹೊಟ್ಟೆ ತಿರುಗಲಿಲ್ಲ.

ಈಗ ಭಾರತಕ್ಕೆ ವಾಪಸ್. ಗುಜರಾತಿನ ಪಶ್ಚಿಮದ ತುದಿ 68 ಡಿಗ್ರಿ, ಅರುಣಾಚಲದ ಪೂರ್ವದ ತುದಿ 97 ಡಿಗ್ರಿ. ನಡುವೆ 29 ಡಿಗ್ರಿ, ಸುಮಾರು 2 ಗಂಟೆ. ವೀಗೋ ಮತ್ತು ಬಿಯಾವಿಸ್ಟೋಕ್ ನಡುವಿನಷ್ಟೇ ಅಗಲ! ಅವರಲ್ಲಿ ಹತ್ತಾರು ದೇಶಗಳು ಹಂಚಿಕೊಂಡ ಗಡಿಯಾರದ ಭಾರವನ್ನು ನಮ್ಮಲ್ಲಿ ಒಂದೇ ದೇಶ ಹೊತ್ತಿದೆ. ಹಾಗಲವಾಡಿ ಪಶ್ಚಿಮದ ಅರ್ಧಕ್ಕೆ ಸೇರಿದ್ದು, ಆದರೂ ನಮಗೆ ಸಿಕ್ಕ ವ್ಯತ್ಯಾಸ ಸಣ್ಣದು. ನಿಜವಾದ ಪೆಟ್ಟು ಬಿದ್ದಿರುವುದು ಪೂರ್ವದವರಿಗೆ. ಡಿಸೆಂಬರ್ ಮೊದಲ ವಾರ ಅಸ್ಸಾಮಿನ ದಿಬ್ರುಗಢದಲ್ಲಿ ಸಂಜೆ 4.20ರ ಸುಮಾರಿಗೇ ಹೊತ್ತು ಮುಳುಗುತ್ತದೆ. ಅದೇ ದಿನ ಹಾಗಲವಾಡಿಯಲ್ಲಿ 5.55ರ ತನಕ ಬೆಳಕಿರುತ್ತದೆ. ಸರ್ಕಾರಿ ಕಚೇರಿ ಎರಡೂ ಕಡೆ ಒಂದೇ ಹೊತ್ತಿಗೆ ಮುಚ್ಚುತ್ತದೆ.

ಅಸ್ಸಾಮಿನ ಚಹಾ ತೋಟಗಳಲ್ಲಿ ಬ್ರಿಟಿಷರ ಕಾಲದಿಂದ 'ಬಾಗಾನ್ ಸಮಯ' ಅಂತ ಒಂದಿದೆ. ಬಾಗಾನ್ ಅಂದರೆ ತೋಟ. ದೇಶದ ಸಮಯಕ್ಕಿಂತ ಒಂದು ಗಂಟೆ ಮುಂದೆ. ಗೇಟಿನ ಹೊರಗೆ 7 ಆಗಿದ್ದರೆ ತೋಟದ ಒಳಗೆ 8. ಇಡೀ ಈಶಾನ್ಯಕ್ಕೇ ಬೇರೆ ಸಮಯ ಬೇಕು ಎಂಬ ಬೇಡಿಕೆ ಹಳೆಯದು. 2017ರಲ್ಲಿ ಗೌಹಾಟಿ ಹೈಕೋರ್ಟ್ ಅಂಥದೊಂದು ಅರ್ಜಿಯನ್ನು ತಳ್ಳಿಹಾಕಿತು. 2018ರಲ್ಲಿ ದೇಶದ ಅಧಿಕೃತ ಗಡಿಯಾರ ನೋಡಿಕೊಳ್ಳುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳೇ ಎರಡು ಸಮಯ ಇಡಬಹುದು ಎಂದು ಬರೆದರು. ಕೇಂದ್ರ ಒಪ್ಪಿಲ್ಲ. ಒಪ್ಪದಿರುವುದಕ್ಕೆ ಕಾರಣವೂ ಇದೆ. ಎರಡು ಸಮಯ ಕೂಡುವ ಗಡಿಯಲ್ಲಿ ರೈಲು ನಡೆಸುವವರ ಫಜೀತಿ ನಾವು ಗುಬ್ಬಿಯ ಒಂಟಿ ಹಳಿಯಲ್ಲಿ ಆಗಲೇ ನೋಡಿದೆವಲ್ಲ, ಅದೇ.

ನಮ್ಮ ಅಭಿಪ್ರಾಯ ಕೇಳಿದರೆ, ಅಸ್ಸಾಮಿನವರ ಬೇಡಿಕೆ ನ್ಯಾಯವಾದದ್ದು. ಕರ್ನಾಟಕಕ್ಕೆ ಬೇರೆ ಗಡಿಯಾರ ಬೇಡ. ನಮಗೆ ಬೇಕಾಗಿರುವುದು ಬೇರೆ: ಗಡಿಯಾರದ ಮೇಲೆ ನಾವೇ ಬರೆದುಕೊಂಡ ಗಂಟೆಗಳನ್ನು ಒಮ್ಮೆ ಸೂರ್ಯನಿಗೆ ಹಿಡಿದು ನೋಡುವುದು.

ಮೊದಲು ಮಕ್ಕಳ ವಿಷಯ. ಜನವರಿ ಮಧ್ಯದಲ್ಲಿ ಹಾಗಲವಾಡಿಯಲ್ಲಿ ಸೂರ್ಯ ಹುಟ್ಟುವುದು 6.50ಕ್ಕೆ. ಪೇಟೆಯ ಶಾಲೆಯ ವ್ಯಾನು 7ಕ್ಕೆ ಬರುತ್ತದೆ ಎಂದರೆ ಮಗು ಏಳಬೇಕಾದದ್ದು ಐದೂಮುಕ್ಕಾಲಿಗೆ, ಸೂರ್ಯ ಹುಟ್ಟಲು ಇನ್ನೂ ಒಂದು ಗಂಟೆ ಇರುವಾಗ, ಕೊರೆಯುವ ಚಳಿಯಲ್ಲಿ. ಆ ದಿನಗಳಲ್ಲಿ ಗಡಿಯಾರಕ್ಕೂ ಸೂರ್ಯನಿಗೂ 32 ನಿಮಿಷದ ಅಂತರ. ವ್ಯಾನಿನ 7 ಗಂಟೆ ಸೂರ್ಯನ ಪ್ರಕಾರ ಆರೂವರೆಗೂ ಕಡಿಮೆ. ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಮಕ್ಕಳ ನಿದ್ದೆಯ ಮೇಲೆ ಅಧ್ಯಯನ ಮಾಡಿದ್ದಾರೆ. ಹೊತ್ತು ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆಯ ಗಂಟೆ ಮಾತ್ರ ಎಲ್ಲ ಕಡೆ ಒಂದೇ ಇರುವುದರಿಂದ ತಡವಾಗಿ ಏಳಲಾಗುವುದಿಲ್ಲ, ನಿದ್ದೆ ಕಡಿಮೆಯಾಗುತ್ತದೆ, ಓದಿಗೂ ಪೆಟ್ಟು ಬೀಳುತ್ತದೆ, ಬಡವರ ಮನೆಯಲ್ಲಿ ಹೆಚ್ಚು ಬೀಳುತ್ತದೆ ಎನ್ನುವುದು ಅವರು ಕಂಡುಕೊಂಡದ್ದು. ಚಳಿಗಾಲದ ಎರಡು ತಿಂಗಳು ವ್ಯಾನನ್ನು ಅರ್ಧ ಗಂಟೆ ತಡ ಮಾಡಲು ದೆಹಲಿಯ ಅಪ್ಪಣೆ ಬೇಕಿಲ್ಲ. ಪೋಷಕರ ಸಭೆಯಲ್ಲಿ ಕೇಳಿದರೆ ಸಾಕು.

ಇನ್ನು ರಾಹುಕಾಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾವು ಲೆಕ್ಕ ಮಾತ್ರ ಹೇಳುತ್ತೇವೆ. ಸೋಮವಾರ ಏಳೂವರೆಯಿಂದ ಒಂಬತ್ತು ಅಂತ ಗೋಡೆಯ ಕ್ಯಾಲೆಂಡರ್ ನೋಡಿ ಎಲ್ಲರಿಗೂ ಬಾಯಿಪಾಠ. ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಎಂದು ಇಟ್ಟುಕೊಂಡು ಹಗಲನ್ನು ಎಂಟು ಭಾಗ ಮಾಡಿದಾಗ ಬರುವ ಲೆಕ್ಕ ಅದು. ಜನವರಿ ಮಧ್ಯದ ಸೋಮವಾರ ನಮ್ಮೂರಲ್ಲಿ 6.50ಕ್ಕೆ ಹುಟ್ಟಿ 6.14ಕ್ಕೆ ಮುಳುಗುವ ಸೂರ್ಯನನ್ನು ಇಟ್ಟುಕೊಂಡು ಎಣಿಸಿದರೆ ಎರಡನೇ ಭಾಗ ಶುರುವಾಗುವುದೇ 8.15ರ ಸುಮಾರಿಗೆ, ಮುಗಿಯುವುದು 9.40ಕ್ಕೆ. ಒಂಬತ್ತಾಯಿತು, ರಾಹುಕಾಲ ಕಳೆಯಿತು ಎಂದು ಮನೆಯಿಂದ ಹೊರಟವರು ಅದರ ನಟ್ಟನಡುವೆಯೇ ಹೊರಟಿರುತ್ತಾರೆ! ಪಂಚಾಂಗ ಬಲ್ಲ ಹಿರಿಯರಿಗೆ ಇದು ಗೊತ್ತು, ಅವರು ಊರಿನ ಸೂರ್ಯೋದಯ ಕೇಳಿಯೇ ಹೇಳುತ್ತಾರೆ.

ನಮ್ಮ ಜಿಲ್ಲೆಯಲ್ಲೇ ಗಡಿಯಾರಕ್ಕೆ ಕ್ಯಾರೇ ಅನ್ನದ ಒಂದು ಜಾಗವೂ ಇದೆ. ಪಾವಗಡದ ಸೋಲಾರ್ ಪಾರ್ಕ್, 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿನ ಫಲಕಗಳಿಗೆ ಮಿರ್ಜಾಪುರ ಗೊತ್ತಿಲ್ಲ. ಪಾವಗಡದ ಸೂರ್ಯ ನೆತ್ತಿಗೆ ಬರುವ 12.20ರ ಆಸುಪಾಸಿಗೇ ಅವುಗಳ ಮೇಲೆ ಬಿಸಿಲು ನೇರ ಬೀಳುವುದು. ಗುಜರಾತಿನ ಕಛ್‌ನಲ್ಲಿ ಅದು ಇನ್ನೂ ಅರ್ಧ ಗಂಟೆ ತಡ. ಅಸ್ಸಾಮಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಕಛ್‌ನಲ್ಲಿ ಇನ್ನೂ ಬಿಸಿಲಿರುತ್ತದೆ, ಕರೆಂಟು ಹುಟ್ಟುತ್ತಿರುತ್ತದೆ. ದೇಶ ಅಗಲವಾಗಿರುವುದರಿಂದ ತೊಂದರೆಯಷ್ಟೇ ಅಲ್ಲ, ಇಂಥ ಲಾಭವೂ ಉಂಟು. ಹಗಲು ಹೊತ್ತು ತ್ರೀಫೇಸ್ ಕೊಡಿ ಎಂದು ಕೇಳುವ ತೆಂಗು, ಅಡಿಕೆ ಬೆಳೆಗಾರರು ಈ ಲೆಕ್ಕವನ್ನೂ ತಿಳಿದಿದ್ದರೆ ಒಳ್ಳೆಯದು.

ಬೇರೆ ಊರಿನ ಓದುಗರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬಹುದು. ಫೋನಿನ ನಕ್ಷೆಯಲ್ಲಿ ನಿಮ್ಮ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಎರಡನೆಯದು ರೇಖಾಂಶ. ಅದನ್ನು 82.5ರಿಂದ ಕಳೆದು 4ರಿಂದ ಗುಣಿಸಿ. ತುಮಕೂರಿಗೆ ಸುಮಾರು 22 ನಿಮಿಷ, ಕೋಲಾರಕ್ಕೆ 17, ಬೀದರಿಗೆ 20, ಕಾಸರಗೋಡಿಗೆ 30, ಕಾರವಾರಕ್ಕೆ 33. ಕೋಲಾರದ ಕೋಳಿಗೂ ಕಾರವಾರದ ಕೋಳಿಗೂ ಕಾಲು ಗಂಟೆಯ ವ್ಯತ್ಯಾಸ.

ಏಪ್ರಿಲ್ 26ಕ್ಕೆ ಒನಕೆ ನಿಲ್ಲಿಸುವವರು 12 ಗಂಟೆಯಿಂದಲೇ ಬಿಸಿಲಲ್ಲಿ ಕಾಯಬೇಡಿ. 12.10ಕ್ಕೆ ಅಂಗಳಕ್ಕೆ ಬಂದರೆ ಸಾಕು, ಇನ್ನೂ ಹೊತ್ತಿರುತ್ತದೆ.